ಸಹಾಯ ಬೇಕು: ಎಎಚ್‌ಐ 13 ಇದೆ, ಆದರೆ ಆಕ್ಸಿಜನ್ 76ಕ್ಕೆ ಇಳಿದಿದೆ

ಅಪ್ಪನಿಗೆ ಮನೆಯಲ್ಲೇ ಸ್ಲೀಪ್ ಟೆಸ್ಟ್ (ನಿದ್ದೆಯಲ್ಲಿ ಉಸಿರಾಟ ಹೇಗಿದೆ ಅಂತ ನೋಡುವ ಪರೀಕ್ಷೆ) ಮಾಡಿಸಿದೆವು. ಎಎಚ್‌ಐ 13 ಬಂದಿದೆ. ಅಂದರೆ ಗಂಟೆಗೆ 13 ಸಲ ಉಸಿರು ಕನಿಷ್ಠ 10 ಸೆಕೆಂಡ್ ನಿಂತಿದೆ ಅಥವಾ ತೀರಾ ಕಡಿಮೆಯಾಗಿದೆ. 15ರೊಳಗಿದ್ದರೆ ಸೌಮ್ಯ, 30 ದಾಟಿದರೆ ತೀವ್ರ ಅಂತಾರೆ. ಹಾಗಾಗಿ ರಿಪೋರ್ಟಿನಲ್ಲಿ ‘ಸೌಮ್ಯ’ ಅಂತಿದೆ.

ಆದರೆ ರಕ್ತದಲ್ಲಿ ಆಕ್ಸಿಜನ್ ಶೇ. 76ಕ್ಕೆ ಇಳಿದಿತ್ತು! ಗೊರಕೆ ತಟ್ಟನೆ ನಿಂತು, ಎದೆ ಸುಮ್ನೆ ಏರಿಳಿದು, ಆಮೇಲೆ ಏದುಸಿರು ಬಿಡುತ್ತಾ ಏಳುವುದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ತುಂಬಾ ಭಯವಾಗುತ್ತದೆ.

ಆ ರಾತ್ರಿ ಅವರು ಎರಡು ಗಂಟೆ ಎಚ್ಚರವಾಗಿದ್ದರು. ಇಂಥ ಮೆಷಿನ್‌ಗಳು ಸಾಮಾನ್ಯವಾಗಿ ನಿದ್ದೆಯ ಹೊತ್ತಲ್ಲ, ರೆಕಾರ್ಡ್ ಆದ ಒಟ್ಟು ಹೊತ್ತಿನ ಲೆಕ್ಕ ಹಿಡಿಯುತ್ತವೆ ಅಲ್ವಾ? ಹಾಗಾದರೆ ಎಚ್ಚರವಿದ್ದ ಹೊತ್ತು ಬಿಟ್ಟು ಲೆಕ್ಕ ಹಾಕಿದರೆ ನಿಜವಾದ ಎಎಚ್‌ಐ ಇನ್ನೂ ಜಾಸ್ತಿ ಇರಬೇಕು. ಲ್ಯಾಬಿನಲ್ಲಿ ಇಡೀ ರಾತ್ರಿಯ ಟೆಸ್ಟ್ ಮಾಡಿಸಿ ಅಂತ ಡಾಕ್ಟರನ್ನು ಕೇಳಲಾ? ಗೊತ್ತಿದ್ದವರು ದಯವಿಟ್ಟು ಹೇಳಿ.