ವಿಆರ್ ಹಾಕಿಕೊಂಡು ಲಿನ್ಯಾಕ್ ಕಲಿಯಬಹುದಾ?

ಗದಗ ಪ್ಯಾಸೆಂಜರ್:
ಹುಬ್ಬಳ್ಳಿಯಲ್ಲಿ ರೇಡಿಯೋಥೆರಪಿ (ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ) ಟೆಕ್ನಾಲಜಿ ಓದುತ್ತಿದ್ದೇನೆ, ಎರಡನೇ ವರ್ಷ. ದಿನಾ ಗದಗದಿಂದ ರೈಲು. ಆಸ್ಪತ್ರೆ ಪೋಸ್ಟಿಂಗ್ ಶುರುವಾಗಿ ಎರಡು ತಿಂಗಳಾಯ್ತು, ಪೆಂಡೆಂಟ್ (ಟೇಬಲ್, ಮಷಿನ್ ಆಡಿಸೋ ರಿಮೋಟ್) ಕೈಗೆ ಸಿಕ್ಕಿದ್ದು ಮೂರೇ ಸಲ. ಇರೋದು ಒಂದು ಲಿನ್ಯಾಕ್, ಅಂದ್ರೆ ವಿಕಿರಣ ಕೊಡೋ ಮಷಿನ್, ನಾವು ಎಂಟು ಜನ. ಹೊರಗೆ ಬೆಂಚಿನ ಮೇಲೆ ರೋಣ, ಹಾನಗಲ್, ಕಲಘಟಗಿಯಿಂದ ‘ಕರೆಂಟ್’ (ವಿಕಿರಣ) ಕೊಡಿಸಿಕೊಳ್ಳೋಕೆ ಬಂದವರು. ಅವರನ್ನು ಕಾಯಿಸಿ ನನಗೆ ಕಲಿಸಿ ಅನ್ನೋಕಾಗುತ್ತಾ?

ಮೂರನೇ ಸಲ ಏನಾಯ್ತು ಅಂದ್ರೆ, ಟೇಬಲ್ಲನ್ನು ಪೇಷಂಟ್‌ನ ಎಡಕ್ಕೆ ಸರಿಸಬೇಕಿತ್ತು. ನಾನು ಕಾಲಿನ ಕಡೆ ನಿಂತಿದ್ದೆ, ನನ್ನ ಎಡಕ್ಕೆ ಸರಿಸಿಬಿಟ್ಟೆ. ಸೀನಿಯರ್ ಒಂದು ಮಾತೂ ಆಡದೆ ಪೆಂಡೆಂಟ್ ಇಸಕೊಂಡರು. ಬೈದಿದ್ದರೇ ಚೆನ್ನಾಗಿತ್ತು.

ಈಗ ಕಾಲೇಜಿಗೆ ವಿಆರ್ (ವರ್ಚುವಲ್ ರಿಯಾಲಿಟಿ, ಎದುರಿಗೇ ಇದ್ದ ಹಾಗೆ ಕಾಣೋ ಕಂಪ್ಯೂಟರ್ ದೃಶ್ಯ) ತರಿಸೋ ಮಾತು ನಡೀತಿದೆ. ಬಳಸಿದವರಿದ್ದರೆ ಹೇಳಿ. ಕೆಲಸಕ್ಕೆ ಬರುತ್ತಾ, ಬರೀ ಆಟನಾ?

ಫಿಸಿಕ್ಸ್ ಕೋಣೆ:
ಆಟ ಅಲ್ಲ. ಇಂಗ್ಲೆಂಡಿನ ಹಲ್ ಅನ್ನೋ ಊರಲ್ಲಿ ತಯಾರಾದ ‘ವರ್ಟ್’ ಅಂತ ಒಂದಿದೆ. 2007ರ ನಂತರ ಅಲ್ಲಿನ ಸರ್ಕಾರವೇ ದುಡ್ಡು ಕೊಟ್ಟು ಕಾಲೇಜು, ಆಸ್ಪತ್ರೆಗಳಿಗೆ ಹಾಕಿಸಿತು. ಗೋಡೆಯಷ್ಟು ಪರದೆ, 3ಡಿ ಕನ್ನಡಕ, ಕೈಯಲ್ಲಿ ನಿಜವಾದ ಪೆಂಡೆಂಟ್. ನೀವು ಮಾಡಿದ ಎಡ-ಬಲದ ತಪ್ಪನ್ನು ಅಲ್ಲಿ ನೂರು ಸಲ ಮಾಡಿ, ಗ್ಯಾಂಟ್ರಿಯನ್ನು (ಪೇಷಂಟ್ ಸುತ್ತ ತಿರುಗೋ ಮಷಿನ್ ಭಾಗ) ಟೇಬಲ್ಲಿಗೆ ಗುದ್ದಿಸಿ, ಯಾರಿಗೂ ಏನೂ ಆಗಲ್ಲ.

ನನಗೆ ಇಷ್ಟವಾಗಿದ್ದು ಬೇರೆ. ಬೀಮ್ (ವಿಕಿರಣದ ಕಿರಣ) ಕಣ್ಣಿಗೆ ಕಾಣಲ್ಲ, ಆನ್ ಆದಾಗ ನಾವು ಒಳಗೂ ಇರಲ್ಲ. ಅಲ್ಲಿ ದೇಹದೊಳಗೆ ಡೋಸ್ ಬಣ್ಣದ ಮೋಡದ ಹಾಗೆ ಕಾಣುತ್ತೆ. ಪೇಷಂಟ್‌ನ 5 ಮಿಲಿಮೀಟರ್ ಸರಿಸಿದರೆ ಮೋಡದ ಅಂಚು ಬೆನ್ನುಹುರಿಗೆ ತಾಗೋದನ್ನು ನೋಡಬಹುದು. ಬೋರ್ಡ್ ಮೇಲೆ ಎಷ್ಟು ಗೆರೆ ಎಳೆದರೂ ಅದು ತಲೆಗೆ ಹೋಗಲ್ಲ. ಹೆಡ್‌ಸೆಟ್ ಆದರೆ ಕೆಲವರಿಗೆ ತಲೆ ಸುತ್ತುತ್ತೆ, ಅಷ್ಟೇ.

ಧಾರವಾಡದ ಹಳೇ ಕೈ:
ಮೇಲಿನವರು ಹೇಳಿದ್ದು ಸರಿ. ಆದರೂ ಒಂದು ಮಾತು ಕೇಳ್ರೀ. ನಮ್ಮ ಕಡೆ ಗುಟ್ಕಾ, ತಂಬಾಕು ಜಾಸ್ತಿ, ಬಾಯಿ ಕ್ಯಾನ್ಸರ್ ಜಾಸ್ತಿ. ಚಿಕಿತ್ಸೆ ವೇಳೆ ತಲೆ ಅಲುಗಾಡದ ಹಾಗೆ ಹಿಡಿಯೋ ಮಾಸ್ಕ್‌ನ ಪ್ಲಾಸ್ಟಿಕ್ ಶೀಟನ್ನು ಸುಮಾರು 70 ಡಿಗ್ರಿ ಬಿಸಿನೀರಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಎಳೀತೀವಿ. ಮುಂಡರಗಿ ಕಡೆಯ ಅಜ್ಜ ಒಬ್ಬರು ಕೊನೇ ಕ್ಲಿಪ್ ಹಾಕೋವಾಗ ನನ್ನ ಮಣಿಕಟ್ಟು ಹಿಡಿದರು, ಬಿಡಲೇ ಇಲ್ಲ. ಅವರಿಗೆ 35 ಸಲ, ಏಳು ವಾರ. ನಾಲ್ಕನೇ ವಾರಕ್ಕೆ ರೊಟ್ಟಿ ನುಂಗೋಕಾಗದೆ ಇಳಿದು ಹೋದರು, ಮಾಸ್ಕ್ ಸಡಿಲ ಆಯ್ತು. ಗದ್ದದ ಕೆಳಗೆ ಬೆರಳು ಹಾಕಿ ನೋಡಿದಾಗಲೇ ನನಗೆ ಗೊತ್ತಾಗಿದ್ದು. ಪರದೆ ಮೇಲಿನ ಪೇಷಂಟ್ ಇಳಿಯಲ್ಲ, ಕೆಮ್ಮಲ್ಲ, ಕೈ ಹಿಡಿಯಲ್ಲ.

ವಿಆರ್ ಬರಲಿ, ಗುಂಡಿ ಒತ್ತೋದನ್ನು ಅಲ್ಲೇ ಕಲೀರಿ. ಆಮೇಲೆ ಮಷಿನ್ ಹತ್ರ ಬಂದಾಗ ಕಣ್ಣು ಪೆಂಡೆಂಟ್ ಮೇಲಿರಲ್ಲ, ಅಜ್ಜನ ಮೇಲಿರುತ್ತೆ. ಅಲ್ಲಿವರೆಗೆ ಸುಮ್ನೆ ಕೂರಬೇಡಿ. ಕೊನೇ ಪೇಷಂಟ್ ಹೋದ ಮೇಲೆ ಸೀನಿಯರ್ ಎದುರಿಗೇ ಖಾಲಿ ಟೇಬಲ್ ಆಡಿಸೋಕೆ ಹದಿನೈದು ನಿಮಿಷ ಕೇಳಿ.

ಗದಗ ಪ್ಯಾಸೆಂಜರ್:
ಕೇಳಿದೆ ಸರ್. ಪೆಂಡೆಂಟ್ ಇಸಕೊಂಡಿದ್ದ ಸೀನಿಯರೇ ಒಪ್ಪಿದರು, ವಾರಕ್ಕೆ ಎರಡು ದಿನ. ಫ್ಯಾಂಟಮ್ (ಪೇಷಂಟ್ ಬದಲು ಇಡೋ ಮಾದರಿ) ಮೇಲೆ ‘ಪೇಷಂಟ್ ಎಡ’ ಅಂತ ಟೇಪ್ ಅಂಟಿಸಿದ್ದಾರೆ, ನಗ್ತಾನೇ. ಆ ಎರಡು ದಿನ ಮಾತ್ರ ರೈಲು ತಪ್ಪುತ್ತೆ, ಬಸ್ಸೇ ಗತಿ.