ಎಲ್ಲಾ ‘ನಾನೇ, ನಂದೇ’ ಅನ್ನೋ ಭಾವನವರ ಜೊತಿ ಹೆಂಗ ಬಾಳ್ವಿ ಮಾಡೋದು? ಗೊತ್ತಿದ್ದವರು ಹೇಳ್ರಿ

ಪ್ರಶ್ನೆ, ಸೇಡಂ ಕಡೆಯಿಂದ:
ಕೂಡು ಕುಟುಂಬ. ಹೊಲ, ತೊಗರಿ ದುಡ್ಡು ಎಲ್ಲಾ ಭಾವನವರ ಕೈಯಾಗ. ಮಂದಿ ಮುಂದ ‘ನಮ್ಮ ತಮ್ಮನ ಹೇಣ್ತಿ ಬಂಗಾರದಂಥಾಕಿ’ ಅಂತಾರ, ಮಂದಿ ಹೋದ ಮ್ಯಾಲ ತವರುಮನಿ ಎತ್ತಿ ಹಂಗಸ್ತಾರ. ಎದುರು ಮಾತಾಡಿದ್ರ ವಾರಗಟ್ಲೆ ಮಾತು ಬಿಡ್ತಾರ, ಆಮ್ಯಾಲ ಒಂದಿನ ಸೀರಿ ತಂದು ಕೊಡ್ತಾರ. ತಪ್ಪು ಯಾವತ್ತೂ ಅವರದಲ್ಲ. ನಮ್ಮ ಮನಿಯವರು ‘ಅಣ್ಣ ಮೊದಲಿಂದ ಹಂಗ, ಬಿಡು’ ಅಂತಾರ. ಇದಕ್ಕ ನಾರ್ಸಿಸಿಸಂ, ಅಂದ್ರ ತಾನೇ ಮೇಲು ಅನ್ನೋ ವ್ಯಕ್ತಿತ್ವದೋಷ, ಅಂತಾರೇನ್ರಿ? ನಾ ಹೆಂಗ ಇರಬೇಕು?

ಆಪ್ತ ಸಮಾಲೋಚಕಿ, ಬೀದರ್:
ತಂಗಿ, ಹೌದೋ ಅಲ್ಲವೋ ಅಂತ ದೂರದಿಂದ ಯಾರೂ ಹೇಳೋಕಾಗಲ್ಲ. ಮನೋವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ಈ ವ್ಯಕ್ತಿತ್ವದೋಷಕ್ಕೆ 9 ಲಕ್ಷಣ ಕೊಟ್ಟಿದ್ದಾರೆ: ತಾನೇ ದೊಡ್ಡವನೆಂಬ ಹಮ್ಮು, ಸದಾ ಹೊಗಳಿಕೆ ಬೇಕೆನ್ನುವುದು, ತನಗೆ ವಿಶೇಷ ಹಕ್ಕಿದೆ ಅಂದುಕೊಳ್ಳುವುದು, ಇನ್ನೊಬ್ಬರನ್ನು ಬಳಸಿಕೊಳ್ಳುವುದು, ಅವರ ನೋವು ತಟ್ಟದಿರುವುದು, ಹೊಟ್ಟೆಕಿಚ್ಚು, ಇಂಥವು. ಕನಿಷ್ಠ 5 ಇರಬೇಕು, ಹರೆಯದಿಂದಲೇ ಬೇರೆಬೇರೆ ಸಂದರ್ಭಗಳಲ್ಲಿ ಕಾಣುತ್ತಿರಬೇಕು, ಪರಿಣತರೇ ಪರೀಕ್ಷಿಸಿ ಹೇಳಬೇಕು. ಆದರೆ ನಿಮಗೆ ಆ ಹಣೆಪಟ್ಟಿ ಬೇಕಿಲ್ಲ, ವರ್ತನೆ ಗೊತ್ತಾದರೆ ಸಾಕು. ಆ ಹೆಸರನ್ನು ಅವರ ಮುಂದೆ ಮಾತ್ರ ಎತ್ತಬೇಡಿ. ಸಂಜೆಯೊಳಗೆ ‘ನನಗ ಹುಚ್ಚ ಅಂದ್ಳು’ ಅಂತ ಊರೆಲ್ಲ ಆಗಿರುತ್ತದೆ.

ಇಂಥವರ ಹಮ್ಮಿನ ಕೆಳಗೆ ಬಹಳ ಸಲ ಅವಮಾನದ ಭಯ ಇರುತ್ತದೆ. ಅದಕ್ಕೇ ಸಣ್ಣ ತಪ್ಪು ತೋರಿಸಿದರೂ ಸಿಡಿಯುತ್ತಾರೆ, ಇಲ್ಲವೇ ಮಾತು ಬಿಡುತ್ತಾರೆ. ವಾರಗಟ್ಟಲೆ ಮೌನ, ನಂತರ ಸೀರೆ: ಇದರಲ್ಲಿ ಬಿಡಿಸಿಕೊಳ್ಳಲು ಕಷ್ಟವಾದದ್ದು ಸೀರೆಯೇ. ಯಾವಾಗಲೋ ಒಮ್ಮೆ ಸಿಗುವ ಪ್ರೀತಿಗೆ ಮನಸ್ಸು ಕಾಯುವುದನ್ನು ಕಲಿತುಬಿಡುತ್ತದೆ. ಸೀರೆ ತಗೊಳ್ಳಿ, ‘ಛಲೋ ಅದರಿ’ ಅನ್ನಿ. ಹಿಂದಿನದೆಲ್ಲ ಮುಗಿಯಿತು ಅಂದುಕೊಳ್ಳಬೇಡಿ.

ಮಾಡಬೇಕಾದ್ದು ಒಂದೇ: ಅವರಿಗೆ ಸಿಗುವ ಸರಕು ಕಡಿಮೆ ಮಾಡುವುದು. ನಿಮ್ಮ ಅಳು, ಸಿಟ್ಟು, ಸಮಜಾಯಿಷಿ, ತವರಿನ ಸುದ್ದಿ, ಎಲ್ಲ ಸರಕೇ. ಹಂಗಿಸುವಾಗ ಶಹಾಬಾದ್ ಫರಸಿಯಂತೆ ತಣ್ಣಗೆ ಇರಿ. ಮುಖ ಸಪ್ಪಗೆ, ದನಿ ಸಮ, ಉತ್ತರ ಚಿಕ್ಕದು: ‘ಹೌದೇನ್ರಿ’, ‘ನೋಡ್ತೀನ್ರಿ’, ‘ನಿಮಗ ಹಂಗ ಅನಸ್ತದ, ಇರಲಿ’. ಸಮರ್ಥನೆ, ವಾದ, ವಿವರಣೆ ಬೇಡ. ‘ನಾ ಹಂಗ ಅಂದಿಲ್ರಿ, ಅವತ್ತ ಏನಾತಂದ್ರ...’ ಅಂತ ಶುರು ಮಾಡಿದಿರೋ, ಅದರಲ್ಲೇ ಹತ್ತು ಎಳೆ ಹಿಡಿಯುತ್ತಾರೆ.

ಬಹಳ ಮಂದಿ ಸೋಲುವುದು ಇಲ್ಲಿ: ನೀವು ಸುಮ್ಮನಾದ ಕೂಡಲೇ ಅವರ ಕಾಟ ಕಡಿಮೆಯಾಗುವುದಿಲ್ಲ, ಮೊದಲು ಹೆಚ್ಚುತ್ತದೆ. ಮೊದಲು ಸಿಗುತ್ತಿದ್ದದ್ದು ಸಿಗದಿದ್ದಾಗ ಇನ್ನೂ ಜೋರಾಗಿ ಕೇಳುತ್ತಾರೆ. ಆ ಹೊತ್ತಿಗೆ ನೀವು ಅತ್ತು ಮಣಿದರೆ, ಅಷ್ಟು ಜೋರು ಮಾಡಿದರೆ ಸಿಗುತ್ತದೆ ಅಂತ ಪಾಠವಾಗುತ್ತದೆ. ಹಾಗಾಗಿ ಶುರು ಮಾಡಿದರೆ ನಡುವೆ ಬಿಡಬಾರದು. ಇನ್ನೊಂದು ಮಾತು. ಈ ತಣ್ಣಗಿರುವಿಕೆ ಅವರ ಎದುರಿಗಷ್ಟೇ. ಮಕ್ಕಳ ಜೊತೆ, ಗಂಡನ ಜೊತೆ ಅದೇ ರೂಢಿಯಾದರೆ ಕಳೆದುಕೊಳ್ಳುವವರು ನೀವು.

ನಿವೃತ್ತ ಶಿಕ್ಷಕಿ, ಯಾದಗಿರಿ:
ಗಡಿ ಹಾಕುವಾಗ ಅವರೇನು ಮಾಡಬೇಕು ಅನ್ನೋದು ಬೇಡವ್ವಾ, ನೀನೇನು ಮಾಡ್ತೀ ಅನ್ನೋದು ಹೇಳು. ‘ನೀವು ಬೈಬ್ಯಾಡ್ರಿ’ ಅಂದ್ರೆ ಅದು ಅವರ ಕೈಯಾಗಿನ ಮಾತು. ‘ತವರಿನ ಮಾತು ಬಂದ್ರ ನಾ ಎದ್ದು ಒಳಗ ಹೋಗ್ತೀನ್ರಿ’ ಅಂದ್ರೆ ನಿನ್ನ ಕೈಯಾಗಿನದು. ಒಂದೇ ಸಲ ಹೇಳು. ಆಮೇಲೆ ಪ್ರತಿ ಸಲ ಏಳು, ರೊಟ್ಟಿ ಅರ್ಧಕ್ಕಿದ್ರೂ ಒಲೆ ಆರಿಸಿ ಏಳು. ಮೂರು ಸಲ ಎದ್ದು ನಾಲ್ಕನೇ ಸಲ ಕೂತರೆ ಗಡಿ ಹೋಯ್ತು.

ಜಾತ್ರಿ, ಮದುವಿ ಮನೆಯಾಗ ಮಂದಿ ಮುಂದೆ ತಪ್ಪು ಎತ್ತಿ ಆಡಬೇಡ. ಅಲ್ಲಿ ಸೋತ ಸಿಟ್ಟು ಮನೆಗೆ ಬಂದ ಮೇಲೆ ತೀರಿಸ್ತಾರ. ನೆಗೆಣ್ಣಿ ಮುಂದೆ ಹೇಳಿದ್ದು ಭಾವನಿಗೆ ಮುಟ್ಟುತ್ತೆ ಅಂತಲೇ ತಿಳಿದು ಮಾತಾಡು. ಪಾಪ, ಆಕಿಗೂ ಅದೇ ಮನೆಯಾಗ ಬದುಕಬೇಕು.

ಬೀದರ್‌ನವರೇ ಮತ್ತೆ:
ನಿಮ್ಮ ಯಜಮಾನರ ವಿಷಯ ಹೇಳುವುದು ಬಿಟ್ಟಿದ್ದೆ. ಅವರು ಚಿಕ್ಕಂದಿನಿಂದ ಸುಮ್ಮನಿದ್ದೇ ಉಳಿದವರು. ‘ನಿಮ್ಮಣ್ಣ ಸರಿ ಇಲ್ಲ’ ಅಂದರೆ ಅಣ್ಣನ ಪರ ನಿಲ್ಲುತ್ತಾರೆ. ಗುಣದ ಮಾತು ಬಿಟ್ಟು ಒಂದೇ ಒಂದು ಕೆಲಸ ಕೇಳಿ: ‘ಈ ಸಲ ತೊಗರಿ ಮಾರಿದ ತಕ್‌ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ನಾವೂ ನೋಡೋಣ’. ಅದು ಆದ ಮೇಲೆ ಮುಂದಿನದು.

ವಕೀಲರು, ಕಲಬುರಗಿ:
ಅಕ್ಕಾ, ಕಾಗದದ ಕಡೆ ಬರೋಣ. ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಯಾವ ಸಾಲ ಕೂತಿದೆ ನೋಡಿ. ಪಿತ್ರಾರ್ಜಿತ ಹೊಲವಾದರೆ ನಿಮ್ಮ ಯಜಮಾನರಿಗೆ ಹುಟ್ಟಿನಿಂದಲೇ ಪಾಲಿದೆ. ವಾಟ್ನಿ (ಆಸ್ತಿ ಪಾಲಿನ) ಪತ್ರವಿರಲಿ, ಬ್ಯಾಂಕಿನ ಅರ್ಜಿಯಿರಲಿ, ಓದದೆ ಇಬ್ಬರೂ ಸಹಿ ಹಾಕಬೇಡಿ.

ನಡೆದದ್ದನ್ನು ಬರೆದಿಡಿ. ತಾರೀಖು, ಹೊತ್ತು, ಅಂದ ಮಾತು ಅಂದ ಹಾಗೇ, ಅಲ್ಲಿದ್ದವರು ಯಾರು: ಎರಡು ಸಾಲು ಸಾಕು. ‘ಕೆಟ್ಟದಾಗಿ ಬೈದರು’ ಅಂತ ಬರೆದರೆ ಉಪಯೋಗವಿಲ್ಲ, ಬೈದ ಶಬ್ದವೇ ಬೇಕು. ಧ್ವನಿಮುದ್ರಣ ಇದ್ದರೆ ಕತ್ತರಿಸದೆ ಮೂಲ ಫೋನಿನಲ್ಲೇ ಉಳಿಸಿ, ಕೋರ್ಟಿಗೆ ಹಾಜರುಪಡಿಸಲು ಪ್ರಮಾಣಪತ್ರವೂ ಬೇಕಾಗುತ್ತದೆ.

2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಹೊಡೆತವಷ್ಟೇ ಅಲ್ಲ, ಮಾತಿನ, ಮನಸ್ಸಿನ, ಹಣದ ಹಿಂಸೆಯೂ ಸೇರಿದೆ. ಒಂದೇ ಮನೆಯಲ್ಲಿರುವ ಭಾವನ ಮೇಲೂ ಅರ್ಜಿ ಹಾಕಬಹುದು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಂರಕ್ಷಣಾಧಿಕಾರಿ ಘಟನಾ ವರದಿ ಬರೆದುಕೊಳ್ಳುತ್ತಾರೆ, ಕಲಂ 12ರ ಅರ್ಜಿ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ. 60 ದಿನದಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ನಡೆಯುವಾಗ ಹೆಚ್ಚೇ ಹಿಡಿಯುತ್ತದೆ. ಆ ಮನೆಯಲ್ಲಿರುವ ಹಕ್ಕು ನಿಮಗಿದೆ, ಆಸ್ತಿ ನಿಮ್ಮ ಹೆಸರಿಗೆ ಇಲ್ಲದಿದ್ದರೂ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ.

ಶುಶ್ರೂಷಕಿ, ಕಲಬುರಗಿ:
ಮೇಲೆ ಹೇಳಿದ ತಣ್ಣಗಿರುವ ಉಪಾಯ ಕೈ ಮಾಡುವವರ ಮುಂದೆ ನಡೆಯಲ್ಲ. ಕತ್ತು ಹಿಸುಕಿದರೆ, ಒಂದೇ ಸಲವಾದರೂ, ಮೈಮೇಲೆ ಗುರುತು ಇಲ್ಲದಿದ್ದರೂ ದವಾಖಾನೆಗೆ ಬಂದು ತೋರಿಸಿ. ಜೀವಕ್ಕೆ ಅಪಾಯ ಅಂದರೆ 112, ಮಹಿಳಾ ಸಹಾಯವಾಣಿ 181. ನಿದ್ದೆ ಬರದಿದ್ದರೆ, ಎದೆ ಹೊಡೆದುಕೊಳ್ಳುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಹಗಲು ರಾತ್ರಿ ಕನ್ನಡದಲ್ಲೇ ಉಚಿತವಾಗಿ ಮಾತಾಡುತ್ತಾರೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಒಡವೆಯ ಬಿಲ್ಲು, ಮಕ್ಕಳ ಜನನ ಪತ್ರ, ಇವುಗಳ ಒಂದೊಂದು ಪ್ರತಿ ತವರಿನಲ್ಲೋ ನಂಬಿಕೆಯ ಗೆಳತಿಯ ಹತ್ತಿರವೋ ಈ ವಾರವೇ ಇಟ್ಟುಬಿಡಿ. ಆ ಎರಡು ಸಾಲಿನ ಡೈರಿಯೂ ಅಲ್ಲೇ ಇರಲಿ, ಮನೆಯ ಕಪಾಟಿನಲ್ಲಿ ಬೇಡ.