ನಿಂಬೆರಸದಲ್ಲಿ ಬರೆದದ್ದು ಕಾಣಿಸ್ತಾನೇ ಇಲ್ಲ, ಏನು ಮಾಡಲಿ?

ಪ್ರಶ್ನೆ (ಬಸವನಗುಡಿ ಅಮ್ಮ):
ಮಗಳಿಗೆ ಏಳು ವರ್ಷ. ಕಣ್ಣಿಗೆ ಕಾಣದ ಶಾಯಿ ಬೇಕಂತೆ, ಒಂದೇ ಹಠ. ಇಯರ್ ಬಡ್ ನಿಂಬೆರಸದಲ್ಲಿ ಅದ್ದಿ ಬರೆದಳು. ಬಲ್ಬಿಗೆ ಹಿಡಿದರೆ ಏನೂ ಇಲ್ಲ. ಮೇಣದಬತ್ತಿ ಹತ್ತಿರ ಬಿಡಲು ನನಗೆ ಧೈರ್ಯವಿಲ್ಲ.

ಉತ್ತರ (ವಿಜಯನಗರ):
ಎಲ್‌ಇಡಿ ಬಲ್ಬು ತಾನೇ? ಅದರ ಬಿಸಿ ಸಾಲದು. ಚೆನ್ನಾಗಿ ಒಣಗಿಸಿ, ನೀವೇ ಇಸ್ತ್ರಿ ಪೆಟ್ಟಿಗೆ ಒತ್ತಿ. ಸ್ಟೀಮ್ ಬೇಡ. ರಸ ಹತ್ತಿದ ಜಾಗ ಮೊದಲು ಕಂದಾಗುತ್ತದೆ.

ಉತ್ತರ (ಮಲ್ಲೇಶ್ವರದ ಅಜ್ಜಿ):
ಬಿಸಿಯೇ ಬೇಡಮ್ಮ. ಆರತಿಗೆ ಓಕುಳಿ ಕಲಸೋದಿಲ್ವಾ, ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪು? ಇಲ್ಲೂ ಅದೇ ಕೆಲಸ. ಆದರೆ ಸುಣ್ಣ ಮಗುವಿನ ಕೈಗೆ ಬೇಡ, ಕಣ್ಣಿಗೆ ಬಿದ್ದರೆ ಕಷ್ಟ. ಅಡುಗೆ ಸೋಡಾ ನೀರಲ್ಲಿ ಕದಡಿ ಬರೆಸು. ಒಣಗಿದ ಮೇಲೆ, ನೀರಿನಂಥ ಸ್ಯಾನಿಟೈಸರಿಗೆ ಚಿಟಿಕೆ ಅರಿಶಿನ ಹಾಕಿ ಹತ್ತಿಯಲ್ಲಿ ಸವರು. ಒಲೆಯಿಂದ ದೂರ ಕೂತ್ಕೊಳ್ಳಿ. ಹಾಳೆ ಹಳದಿ, ಅಕ್ಷರ ಮಾತ್ರ ಕೆಂಪು ಕೆಂಪು. ಕೆಳಗೆ ಹಳೇ ಪೇಪರ್ ಹಾಸು, ಅರಿಶಿನದ ಕಲೆ ಸುಮ್ನೆ ಹೋಗಲ್ಲ.

ಉತ್ತರ (ಯಲಹಂಕ):
ಗಂಜಿಯಲ್ಲಿ ಬರೆದು ಅಯೋಡಿನ್ ಸವರಿದರೂ ಆಗುತ್ತೆ, ಕಡುನೀಲಿ ಬರುತ್ತೆ. ಕೆಲವು ಹಾಳೆಗಳಲ್ಲೇ ಗಂಜಿ ಇರುತ್ತದೆ, ಆಗ ಇಡೀ ಹಾಳೆ ನೀಲಿ!

ಬಸವನಗುಡಿ ಅಮ್ಮ:
ಅಜ್ಜಿ, ನಿಮ್ಮ ಸೋಡಾ ಗೆದ್ದಿತು. ‘ನಾಳೆ ಹೋಮ್‌ವರ್ಕ್ ಇಲ್ಲ’ ಅಂತ ಬರೆದಿದ್ದಾಳೆ.